ಹತ್ತು ಜಾಗದಲ್ಲಿ ಏಳನ್ನು ಮಾತ್ರ ತುಂಬಿದೆ

ಅಮೆರಿಕದ ಕಾಲೇಜುಗಳಿಗೆ ಪದವಿ ಪ್ರವೇಶ ಕೋರುವ ಕಾಮನ್ ಆ್ಯಪ್ ಅರ್ಜಿಯಲ್ಲಿ ಪಠ್ಯೇತರ ಚಟುವಟಿಕೆಗಳಿಗೆ ಹತ್ತು ಜಾಗಗಳಿವೆ. ದ್ವಿತೀಯ ಪಿಯುಸಿಯ ದಸರಾ ರಜೆಯಲ್ಲಿ ಅದನ್ನು ಮೊದಲ ಸಲ ತೆರೆದಾಗ ಹತ್ತನ್ನೂ ತುಂಬಲೇಬೇಕೆಂದು ನನಗೆ ಅನ್ನಿಸಿತ್ತು. ನಮ್ಮಲ್ಲಿ ಸಿಇಟಿಗೆ ಓದುವವರನ್ನು ಸಂಜೆ ಹೊತ್ತು ಏನು ಮಾಡುತ್ತೀಯ ಎಂದು ಯಾರೂ ಕೇಳುವುದಿಲ್ಲ. ಹಾಗಾಗಿ ಏನು ಬರೆಯಬೇಕೆಂದು ಹೇಳಿಕೊಡುವವರೂ ಸಾಗರದ ನಮ್ಮ ಕಾಲೇಜಿನಲ್ಲಿ ಇರಲಿಲ್ಲ. ಬೆಂಗಳೂರಿನ ಸಲಹೆಗಾರರೊಬ್ಬರಿಗೆ ಫೋನ್ ಮಾಡಿದೆ. ಒಂದು ಸೇವಾ ಸಂಸ್ಥೆ ಶುರು ಮಾಡಿ ಅಧ್ಯಕ್ಷ ಸ್ಥಾನದಲ್ಲಿ ನಿನ್ನ ಹೆಸರು ಹಾಕಿಕೋ, ಎರಡು ವಾರದ ಆನ್‌ಲೈನ್ ಇಂಟರ್ನ್‌ಶಿಪ್‌ಗೆ ದುಡ್ಡು ಕಟ್ಟು ಎಂದರು. ಪಕ್ಕದಲ್ಲಿ ಕೂತು ಕೇಳಿಸಿಕೊಂಡಿದ್ದ ಅಪ್ಪ, “ಇಲ್ಲದ್ದನ್ನು ಬರೆದು ಅಷ್ಟು ದೂರ ಹೋಗುವುದು ಬೇಡ” ಎಂದರು. ನನಗೂ ಬೇಡವಾಗಿತ್ತು.

ಅರ್ಜಿಯನ್ನು ಮುಚ್ಚಿಟ್ಟು ಹಳೆಯ ನೋಟ್‌ಬುಕ್ ಒಂದನ್ನು ತೆಗೆದುಕೊಂಡೆ. ಒಂಬತ್ತನೇ ತರಗತಿಯಿಂದ ಈಚೆಗೆ ಪಾಠ, ಪರೀಕ್ಷೆ ಬಿಟ್ಟರೆ ನನ್ನ ಹೊತ್ತು ಎಲ್ಲಿ ಹೋಗಿದೆ ಎಂದು ತಿಂಗಳು ತಿಂಗಳಾಗಿ ನೆನಪಿಸಿಕೊಂಡು ಬರೆದೆ. ಪ್ರತಿ ಚಟುವಟಿಕೆಗೂ ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಎಂದು ಅರ್ಜಿ ಕೇಳುತ್ತದೆ. ಆ ಲೆಕ್ಕ ಹಾಕಿದ ಮೇಲೆ ಚಿತ್ರವೇ ಬದಲಾಯಿತು. ನಾನು ಹೆಮ್ಮೆಯಿಂದ ಜೋಡಿಸಿಟ್ಟಿದ್ದ ಪ್ರಮಾಣಪತ್ರಗಳಲ್ಲಿ ಬಹಳಷ್ಟು ಒಂದೊಂದೇ ದಿನದವು. ಅತಿ ಹೆಚ್ಚು ಗಂಟೆ ಬಿದ್ದದ್ದು ಮನೆಯ ಅಡಿಕೆ ಸುಗ್ಗಿಗೆ, ಅದಕ್ಕೆ ಯಾವ ಪ್ರಮಾಣಪತ್ರವೂ ಇರಲಿಲ್ಲ.

ನವೆಂಬರ್ ಬಂತೆಂದರೆ ನಮ್ಮ ಮನೆಯ ಮುಂದಿನ ಚಪ್ಪರದಡಿ ಹತ್ತು ಹನ್ನೆರಡು ಮಂದಿ ಮೆಟ್ಟುಗತ್ತಿ ಇಟ್ಟುಕೊಂಡು ಅಡಿಕೆ ಸುಲಿಯಲು ಕೂರುತ್ತಾರೆ. ಸುಲಿದ ಅಡಿಕೆಯನ್ನು ಡಬ್ಬದಲ್ಲಿ ಅಳೆದು ಅವರವರ ಹೆಸರಿನ ಮುಂದೆ ಬರೆಯುವುದು ನನ್ನ ಕೆಲಸ. ಡಬ್ಬಕ್ಕೆ ಇಷ್ಟು ಎಂದು ಕೂಲಿ. ಒಂದು ಗೀಟು ತಪ್ಪಿದರೆ ಒಬ್ಬರ ಒಂದು ಡಬ್ಬದ ದುಡಿಮೆ ಹೋದಂತೆ. ರಾತ್ರಿ ಬೇಯಿಸುವ ಹಂಡೆಗೆ ಉರಿ ಹಾಕುವುದು, ಬೆಳಿಗ್ಗೆ ಅಟ್ಟದ ಮೇಲೆ ಹರಡುವುದು ಎಲ್ಲ ಸೇರಿ ವಾರಕ್ಕೆ 14 ಗಂಟೆ, ವರ್ಷಕ್ಕೆ 10 ವಾರ. ಇದನ್ನು ಎಲ್ಲಿ ಬರೆಯುವುದು ಎಂದು ಹುಡುಕಿದಾಗ ಚಟುವಟಿಕೆಗಳ ವಿಧಗಳಲ್ಲಿ ‘ಕುಟುಂಬದ ಜವಾಬ್ದಾರಿ’ ಎಂಬುದೂ ಇತ್ತು. ಅದನ್ನು ನೋಡಿ ನನಗೆ ಆದ ಸಮಾಧಾನ ದೊಡ್ಡದು. ಮನೆಗೆಲಸ, ಅಜ್ಜಿಯ ಆರೈಕೆ, ತಮ್ಮನ ಪಾಠ ಎಂದು ಸಂಜೆಗಳನ್ನು ಕಳೆಯುವ ಮಕ್ಕಳು ‘ನನ್ನದೇನೂ ಇಲ್ಲ’ ಎಂದುಕೊಳ್ಳಬಾರದು.

ಇನ್ನು ಕ್ರಮ. ನಿಮಗೆ ಮುಖ್ಯವಾದದ್ದು ಮೊದಲು ಬರಲಿ ಎನ್ನುತ್ತದೆ ಅರ್ಜಿ. ಇಲ್ಲಿ ನನಗೆ ನೆರವಾದದ್ದು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಅರ್ಜಿ. ಅವರು ಕಾಮನ್ ಆ್ಯಪ್ ಬಳಸುವುದಿಲ್ಲ, ಕೇಳುವುದು ನಾಲ್ಕೇ ಚಟುವಟಿಕೆ. ಮೊದಲು ಆ ನಾಲ್ಕನ್ನು ಆರಿಸಿಕೊಂಡೆ: ಮಳೆ ಪುಸ್ತಕ, ಅಡಿಕೆ, ಮದ್ದಳೆ, ಕನ್ನಡ ವಿಕಿಪೀಡಿಯದ ಬರವಣಿಗೆ.

ಮಳೆ ಪುಸ್ತಕಕ್ಕೆ ವಾರಕ್ಕೆ ಎರಡು ಗಂಟೆಯೂ ಇಲ್ಲ. ಆದರೂ ಮೊದಲ ಸಾಲು ಅದಕ್ಕೇ ಕೊಟ್ಟೆ. ಅಜ್ಜ ದಿನದಿನದ ಮಳೆಯನ್ನು ಇಂಚು, ಸೆಂಟುಗಳಲ್ಲಿ (ನೂರು ಸೆಂಟಿಗೆ ಒಂದು ಇಂಚು) ಬರೆದಿಟ್ಟ 31 ವರ್ಷದ ಪುಸ್ತಕಗಳು ನಮ್ಮಲ್ಲಿವೆ. ಅವರು ತೀರಿಕೊಂಡ ಮೇಲೆ ಅಂಗಳದ ಮಳೆಮಾಪಕ ನನ್ನ ಪಾಲಿಗೆ ಬಂತು. ಇಂಚನ್ನು 25.4ರಿಂದ ಗುಣಿಸಿ ಮಿಲಿಮೀಟರ್ ಮಾಡಿ ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿದೆ. ಅಡಿಕೆಯ ಕೊಳೆ ರೋಗ ತಡೆಯಲು ಬೋರ್ಡೋ ದ್ರಾವಣ ಹೊಡೆದ ದಿನಗಳನ್ನೂ ಆ ರೋಗ ಜೋರಾಗಿದ್ದ ವರ್ಷಗಳನ್ನೂ ಪಕ್ಕದಲ್ಲಿಟ್ಟು ನೋಡಿದೆ. ಇದನ್ನು ಮಾಡು ಎಂದು ಯಾರೂ ಹೇಳಿರಲಿಲ್ಲ.

ಕಷ್ಟವಾದದ್ದು ವಿವರಣೆ. ಒಂದೊಂದಕ್ಕೆ 150 ಅಕ್ಷರ, ಪದಗಳ ನಡುವಿನ ಖಾಲಿ ಜಾಗವೂ ಸೇರಿ. ನನ್ನ ಮೊದಲ ಕರಡು 400 ದಾಟಿತ್ತು. ‘ಪರಿಸರದ ಬಗ್ಗೆ ಅಪಾರ ಆಸಕ್ತಿ’ ಮೊದಲು ಹೋಯಿತು. ‘ಹವಾಮಾನ ಬದಲಾವಣೆಯ ಅರಿವು’ ಹೋಯಿತು. ಅಳೆದದ್ದು, ಏರಿಸಿದ್ದು, ಹೋಲಿಸಿದ್ದು, ಅದರ ಅಂಕಿಗಳು, ಇಷ್ಟೇ ಉಳಿದವು. ಚಟುವಟಿಕೆಯ ಹೆಸರಿಗೆ ಬೇರೆ ಜಾಗವಿದೆ, ಅದನ್ನು ವಿವರಣೆಯಲ್ಲಿ ಮತ್ತೆ ಬರೆದು ಅಕ್ಷರ ಕಳೆಯಬಾರದು.

ಬಿಟ್ಟದ್ದು ಬಹಳ. ಒಂದು ದಿನದ ಶಿಬಿರಗಳು, ರಸಪ್ರಶ್ನೆಗಳು, ದುಡ್ಡು ಕಟ್ಟಿ ಪಡೆದ ಆನ್‌ಲೈನ್ ಕೋರ್ಸ್. ಸ್ಕೌಟ್‌ನ ರಾಜ್ಯ ಪುರಸ್ಕಾರವನ್ನು ಇಲ್ಲಿಂದ ತೆಗೆದು ಗೌರವಗಳ ವಿಭಾಗಕ್ಕೆ ಹಾಕಿದೆ, ಅಲ್ಲಿ ಬೇರೆಯೇ ಐದು ಜಾಗಗಳಿವೆ. ಆರನೇ ತರಗತಿಯ ಪ್ರತಿಭಾ ಕಾರಂಜಿ ಬಹುಮಾನ ಬಿಡುವಾಗ ನೋವಾಯಿತು, ಆದರೆ ಅರ್ಜಿ ಕೇಳುವುದು ಒಂಬತ್ತನೇ ತರಗತಿಯಿಂದ ಮುಂದಿನದನ್ನು. ನಾಲ್ಕರ ಜೊತೆಗೆ ಖೊ ಖೊ, ಎನ್ನೆಸ್ಸೆಸ್, ಊರಿನ ಹತ್ತನೇ ತರಗತಿಯ ಮಕ್ಕಳಿಗೆ ಗಣಿತ ಹೇಳಿಕೊಟ್ಟದ್ದು ಸೇರಿ ಏಳಾಯಿತು. ಉಳಿದ ಮೂರು ಜಾಗ ಖಾಲಿ ಬಿಟ್ಟೆ.

ಕಳುಹಿಸುವ ಹಿಂದಿನ ರಾತ್ರಿ ಮಳೆ ಪುಸ್ತಕದ ಸಾಲನ್ನು ಮತ್ತೆ ಓದಿದೆ. ‘ದಿನವೂ ಬೆಳಿಗ್ಗೆ 8.30ಕ್ಕೆ ಅಳೆದಿದ್ದೇನೆ’ ಎಂದಿತ್ತು. ಹವಾಮಾನ ಇಲಾಖೆಯಲ್ಲಿ ಒಂದು ದಿನದ ಮಳೆಯ ಲೆಕ್ಕ ಮುಗಿಯುವುದು ಆ ಹೊತ್ತಿಗೇ, ಅಜ್ಜ ಅದನ್ನು ಒಂದು ದಿನವೂ ತಪ್ಪಿಸಿರಲಿಲ್ಲ. ಆದರೆ ಕಾಲೇಜಿನ ದಿನಗಳಲ್ಲಿ 8.30ಕ್ಕೆ ನಾನು ಸಾಗರದ ಬಸ್ಸಿನಲ್ಲಿರುತ್ತಿದ್ದೆ. ಕೊಡೆ ಹಿಡಿದು ಅಂಗಳಕ್ಕಿಳಿದು ಅಳೆದು, ಕ್ಯಾಲೆಂಡರಿನ ಮೇಲೆ ಗುರುತು ಹಾಕಿಡುತ್ತಿದ್ದವರು ಅಮ್ಮ. ‘ಅಮ್ಮನ ಜೊತೆ’ ಎಂದು ಇಂಗ್ಲಿಷಿನಲ್ಲಿ ಸೇರಿಸಲು ಮುಂದಿನ ಖಾಲಿ ಜಾಗವೂ ಸೇರಿ 15 ಅಕ್ಷರ ಬೇಕಾಯಿತು. ಕೊಳೆ ರೋಗದ ಹೋಲಿಕೆಯ ಒಂದು ವಿಶೇಷಣ ತೆಗೆದು ಜಾಗ ಮಾಡಿದೆ. ಬೆಳಿಗ್ಗೆ ಅಮ್ಮನಿಗೆ ಓದಿ ಹೇಳಿದಾಗ, “ನಿನ್ನ ಅರ್ಜಿಯಲ್ಲಿ ನನ್ನದೇಕೆ?” ಎಂದು ಕೇಳಿದರು. “ನೀವು ಅಳೆದದ್ದಲ್ಲವೇ ಅಮ್ಮ” ಎಂದೆ. ಅವರು ಅಟ್ಟದ ಅಡಿಕೆ ಹರಡಲು ಹೋದರು, ನಾನು ಅರ್ಜಿ ಕಳುಹಿಸಿ ಹಿಂದೆಯೇ ಹೋದೆ.