ಹಡಗಿನಿಂದ ಹವಳದ್ವೀಪಕ್ಕೆ ಇಳಿಯುವುದು ಹೇಗೆ?

ಪೆಸಿಫಿಕ್ ಸಾಗರದ ಫ್ರೆಂಚ್ ಪಾಲಿನೇಷ್ಯಾಕ್ಕೆ ಸೇರಿದ ತಾಹಿತಿಯಿಂದ ಹೊರಟು ಫಕರಾವ, ರಂಗಿರೋವಾಗಳಂಥ ಹವಳದ್ವೀಪಗಳನ್ನೂ ಪಿಟ್‌ಕೇರ್ನ್‌ನಂಥ ಒಂಟಿ ದ್ವೀಪವನ್ನೂ ಮುಟ್ಟಿಬರುವ ಸಣ್ಣ ಹಡಗುಗಳ ಪ್ರವಾಸಕ್ಕೆ ವರ್ಷಗಟ್ಟಲೆ ಹಣ ಕೂಡಿಟ್ಟು ಬಂದವರು, ದಡ ಇನ್ನು ಹತ್ತು ಅಡಿ ಇದೆ ಎನ್ನುವಾಗ ದೋಣಿಯಿಂದ ಬಿದ್ದು ಕಾಲು ಉಳುಕಿಸಿಕೊಳ್ಳುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಹವಳದ್ವೀಪದ ಹೊರಬದಿ ಕಡಿದಾಗಿ ಆಳಕ್ಕೆ ಇಳಿಯುವುದರಿಂದ ಅನೇಕ ಕಡೆ ಲಂಗರು ಹಾಕಲೂ ತಾವಿರುವುದಿಲ್ಲ, ದಕ್ಕೆಯಂತೂ ದೂರದ ಮಾತು. ಹಡಗು ಆಚೆಯೇ ನಿಲ್ಲುತ್ತದೆ. ಜೋಡಿಯಾಕ್ ಎಂಬ ಗಾಳಿ ತುಂಬಿದ ರಬ್ಬರ್ ದೋಣಿ ನಿಮ್ಮನ್ನು ದಡಕ್ಕೆ ಒಯ್ಯುತ್ತದೆ. ಲಕ್ಷದ್ವೀಪಕ್ಕೆ ಹಡಗಿನಲ್ಲಿ ಹೋಗಿ, ನಡುನೀರಿನಲ್ಲಿ ಸಣ್ಣ ದೋಣಿಗೆ ದಾಟಿದವರಿಗೆ ಇದರ ಅಂದಾಜು ಇರುತ್ತದೆ.

ಹೊರಡುವ ಮುನ್ನಿನ ಕೆಲಸಗಳು ಸುಲಭ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲವಾದ್ದರಿಂದ ಉಳಿದ ತಿಂಗಳುಗಳನ್ನು ಆರಿಸಿಕೊಳ್ಳಿ. ಫ್ರೆಂಚ್ ಪಾಲಿನೇಷ್ಯಾ, ಒಂದೇ ವೀಸಾ ನಡೆಯುವ ಯೂರೋಪಿನ ದೇಶಗಳ ಷೆಂಗೆನ್ ವಲಯಕ್ಕೆ ಸೇರಿಲ್ಲವಾದ್ದರಿಂದ ನಿಮ್ಮ ವೀಸಾ ಅಲ್ಲಿಗೆ ಸಲ್ಲುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಇನ್ನು ಸಾಮಾನು. ಹಿಮ್ಮಡಿಗೂ ಪಟ್ಟಿಯಿರುವ, ದಪ್ಪ ಅಡಿಯ ನೀರಿನ ಚಪ್ಪಲಿಯನ್ನೇ ಕೊಳ್ಳಿ. ಹವಾಯಿ ಚಪ್ಪಲಿ ಮೊದಲ ಅಲೆಗೇ ಕಾಲಿನಿಂದ ಕಳಚಿಹೋಗುತ್ತದೆ, ಬರಿಗಾಲು ಹವಳಕ್ಕೆ ಸೀಳುತ್ತದೆ. ಬಾಯಿಯನ್ನು ಮೂರು ಸುತ್ತು ಮಡಿಸಿ ಕೊಂಡಿ ಹಾಕುವ ಜಲನಿರೋಧಕ ಚೀಲವನ್ನು ಬೆನ್ನಿಗೆ ಹಾಕಿಕೊಳ್ಳಿ. ಕೊರಳಿಗೆ ತೂಗುಹಾಕುವ ಅಗ್ಗದ ಮೊಬೈಲ್ ಪೌಚುಗಳು ಅಂಚಿನಲ್ಲಿ ಬಿರಿಯುತ್ತವೆ, ಅವುಗಳನ್ನು ನಂಬಬೇಡಿ. ಆಕ್ಸಿಬೆಂಜೋನ್ ಎಂಬ ರಾಸಾಯನಿಕ ಬೆರೆತ ಸನ್‌ಸ್ಕ್ರೀನ್ ಹವಳಕ್ಕೆ ಕೆಡುಕೆಂದು ಪಲಾವು ದೇಶ 2020ರಿಂದ ಅದನ್ನು ನಿಷೇಧಿಸಿದೆ. ನನ್ನ ಮಟ್ಟಿಗೆ ಉದ್ದ ತೋಳಿನ ಅಂಗಿಯಷ್ಟು ಒಳ್ಳೆಯ ರಕ್ಷಣೆ ಬೇರಿಲ್ಲ.

ದೋಣಿ ಹತ್ತುವ ಮುನ್ನ ಚಪ್ಪಲಿಯ ಅಡಿ, ಚೀಲದ ಹೊಲಿಗೆ, ಪ್ಯಾಂಟಿನ ಮಡಿಕೆಗಳಲ್ಲಿ ಸಿಕ್ಕಿರುವ ಬೀಜ, ಮಣ್ಣು, ಇರುವೆಗಳನ್ನು ಉಜ್ಜಿ ತೆಗೆಯಬೇಕು. 1988ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ, ಪಿಟ್‌ಕೇರ್ನ್ ಸಮೂಹದ ಜನವಸತಿಯಿಲ್ಲದ ಹೆಂಡರ್ಸನ್ ದ್ವೀಪದಂಥ ಕಡೆ ಹೊರಗಿನ ಒಂದು ಕಳೆಬೀಜವೂ ಹೊರೆಯಾದೀತು. ಇದನ್ನು ಕಾಟಾಚಾರಕ್ಕೆ ಮಾಡುವವರನ್ನು ಕಂಡರೆ ನನಗೆ ನಿಜಕ್ಕೂ ನೋವಾಗುತ್ತದೆ.

ಈಗ ಮುಖ್ಯ ಹಂತ. ಎರಡೂ ಕೈ ಖಾಲಿಯಿರಲಿ, ಕ್ಯಾಮೆರಾ ಚೀಲದೊಳಗಿರಲಿ. ಹಡಗಿನ ಮೆಟ್ಟಿಲ ತುದಿಯಲ್ಲಿ ನಿಂತ ನಾವಿಕನಿಗೆ ಅಂಗೈ ಕೊಡಬೇಡಿ. ಅವನ ಮುಂಗೈಯನ್ನು ನೀವು, ನಿಮ್ಮ ಮುಂಗೈಯನ್ನು ಅವನು ಹಿಡಿಯಬೇಕು, ಏಕೆಂದರೆ ಒದ್ದೆಯಾದ ಅಂಗೈ ಜಾರುತ್ತದೆ, ಈ ಹಿಡಿತದಲ್ಲಾದರೆ ಒಬ್ಬರ ಕೈ ಸಡಿಲಿದರೂ ಇನ್ನೊಬ್ಬರದು ಉಳಿಯುತ್ತದೆ. ದೋಣಿ ಅಲೆಯೊಂದಿಗೆ ಏರುತ್ತದೆ, ತುದಿಯಲ್ಲಿ ಒಂದು ಕ್ಷಣ ನಿಂತಂತಾಗುತ್ತದೆ, ಮತ್ತೆ ಇಳಿಯುತ್ತದೆ. ಹೆಜ್ಜೆ ಇಡಬೇಕಾದದ್ದು ಆ ಕ್ಷಣದಲ್ಲಿ, ಅದೂ ನಾವಿಕ ಹೇಳಿದಾಗ ಮಾತ್ರ. ದೋಣಿ ಇಳಿಯುತ್ತಿರುವಾಗ ಕಾಲು ಚಾಚಿದವರು ಕೆಳಗಿಲ್ಲದ ನೆಲವನ್ನು ಮೆಟ್ಟಲು ಹೋಗಿ ಮುಗ್ಗರಿಸುತ್ತಾರೆ. ಮೊದಲು ದೋಣಿಯ ಉಬ್ಬಿದ ಅಂಚಿಗೆ, ಅಲ್ಲಿಂದ ಒಳಗಿನ ಮೆಟ್ಟಿಲಿಗೆ, ಬಳಿಕ ತಳಕ್ಕೆ ಕಾಲಿಟ್ಟು, ಕೂಡಲೇ ಕುಳಿತುಕೊಳ್ಳಿ.

ದಡದಲ್ಲಿ ಇಳಿಯುವಾಗ ಆಗುವ ತಪ್ಪು ಇನ್ನೊಂದು ಬಗೆಯದು. ಮರಳು ಕಂಡ ಖುಷಿಗೆ ಎದ್ದುನಿಂತು ಹಾರುತ್ತಾರೆ, ಹಾಗೆ ಮಾಡಲೇಬೇಡಿ. ಅಂಚಿನ ಮೇಲೆ ಕುಳಿತೇ ಸರಿಯುತ್ತ ಮುಂದೆ ಬಂದು, ಎರಡೂ ಕಾಲುಗಳನ್ನು ಒಟ್ಟಿಗೆ ಹೊರಕ್ಕೆ ಹಾಕಿ, ಅಲೆ ಹಿಂದೆ ಸರಿದಾಗ ನೀರಿಗೆ ಇಳಿಯಿರಿ. ಇಳಿದ ಮೇಲೆ ದೋಣಿಗೂ ದಡಕ್ಕೂ ನಡುವೆ ನಿಲ್ಲಬಾರದು. ಮುಂದಿನ ಅಲೆ ಜನ ತುಂಬಿದ ಆ ದೋಣಿಯನ್ನು ಎತ್ತಿ ನಿಮ್ಮ ಮೊಣಕಾಲಿಗೆ ಅಪ್ಪಳಿಸುತ್ತದೆ. ಪಕ್ಕಕ್ಕೆ ಸರಿದು, ಸಮುದ್ರದ ಮೇಲೊಂದು ಕಣ್ಣಿಟ್ಟು ಮೇಲೆ ನಡೆಯಿರಿ, ಫೋಟೊ ಆಮೇಲೆ ತೆಗೆದುಕೊಳ್ಳಬಹುದು. ಪಿಟ್‌ಕೇರ್ನ್‌ನ ಬೌಂಟಿ ಕೊಲ್ಲಿಯಲ್ಲಿ ಅಲೆ ಜೋರಾಗಿದ್ದರೆ ಇಳಿಯುವುದನ್ನೇ ಕೈಬಿಡುತ್ತಾರೆ. ಆಗ ಕಪ್ತಾನರೊಡನೆ ವಾದಕ್ಕೆ ಇಳಿಯಬೇಡಿ.

ಹಡಗಿಗೆ ಮರಳಿದ ಮೇಲೆ ಸ್ನಾನಕ್ಕೆ ಮೊದಲು ಕಾಲುಗಳನ್ನು ಬೆಳಕಿನಲ್ಲಿ ನೋಡಿಕೊಳ್ಳಿ. ಹವಳ ತರಚಿದ ಗೀರು ಎಷ್ಟೇ ಚಿಕ್ಕದಿರಲಿ, ಅದರೊಳಗೆ ಉಳಿದ ಚೂರಿನಿಂದ ಸುಲಭವಾಗಿ ಕೀವಾಗುತ್ತದೆ. ಶುದ್ಧ ನೀರು ಮತ್ತು ಸೋಪಿನಿಂದ, ಉರಿದರೂ ಸರಿ, ಚೆನ್ನಾಗಿ ಉಜ್ಜಿ ತೊಳೆದು ಅಂದೇ ಹಡಗಿನ ವೈದ್ಯರಿಗೆ ತೋರಿಸಿ.