ಎರಡನೇ ತರಗತಿ ಮಕ್ಕಳ ತಂದೆ-ತಾಯಂದಿರಿಗೆ: ಕೊಡಗಿಗೆ ಹೊಸದಾಗಿ ಬಂದವರು ತಿಳಿದಿರಬೇಕಾದ ಶಾಲೆಯ ವಿಚಾರ

ಬ್ಯಾಂಕು, ಅರಣ್ಯ ಇಲಾಖೆ, ಪೊಲೀಸು, ತೋಟದ ರೈಟರ್ ಕೆಲಸ ಅಂತ ಪ್ರತಿ ವರ್ಷ ಮೇ-ಜೂನ್ ಹೊತ್ತಿಗೆ ಒಂದಷ್ಟು ಹೊಸ ಸಂಸಾರಗಳು ಇಲ್ಲಿಗೆ ಬರುತ್ತವೆ. ಮನೆ, ಗ್ಯಾಸು, ಹಾಲು ಒಂದು ವಾರದಲ್ಲಿ ಹೊಂದಿಕೊಳ್ಳುತ್ತದೆ. ಶಾಲೆಯ ಗೊಂದಲ ಮಾತ್ರ ದಸರಾ ದಾಟಿದರೂ ಮುಗಿಯುವುದಿಲ್ಲ. ಒಂದನೇ ತರಗತಿಗೆ ಸೇರಿಸುವವರಿಗೆ ಎಲ್ಲರೂ ಕರೆದು ಹೇಳುತ್ತಾರೆ. ಎರಡನೇ ತರಗತಿಗೆ ನೇರವಾಗಿ ಬಂದವರನ್ನು ಕಂಡರೆ, ಇವರಿಗೆ ಗೊತ್ತೇ ಇರಬೇಕು ಅಂದುಕೊಂಡು ಸುಮ್ಮನಾಗುತ್ತಾರೆ. ಅದಕ್ಕೇ ಸಂಘದಿಂದ ಈ ಬರಹ. ಹೆಚ್ಚಿನದು ಸರ್ಕಾರಿ ಕನ್ನಡ ಶಾಲೆಯವರಿಗೆ, ಖಾಸಗಿ ಶಾಲೆಯವರಿಗೂ ಮುಂದೆ ನಾಲ್ಕು ಮಾತಿದೆ.

ಸೇರಿಸುವಾಗ ಕೈಯಲ್ಲಿರಲಿ

- ಹಿಂದಿನ ಶಾಲೆಯ ಟಿಸಿ (ವರ್ಗಾವಣೆ ಪತ್ರ), ಅದರ ಮೇಲೆ ಸ್ಯಾಟ್ಸ್ ಸಂಖ್ಯೆ (ರಾಜ್ಯದ ವಿದ್ಯಾರ್ಥಿ ದಾಖಲೆಯಲ್ಲಿ ಮಗುವಿನ ಗುರುತಿನ ಸಂಖ್ಯೆ)
- ಮಗುವಿನ ಮತ್ತು ತಂದೆ-ತಾಯಿಯ ಆಧಾರ್ ಪ್ರತಿ
- ಜಾತಿ-ಆದಾಯ ಪ್ರಮಾಣಪತ್ರ (ವಿದ್ಯಾರ್ಥಿವೇತನಕ್ಕೆ), ಬ್ಯಾಂಕ್ ಪುಸ್ತಕದ ಪ್ರತಿ
- ಲಸಿಕೆ ಕಾರ್ಡು, ನಾಲ್ಕು ಫೋಟೊ
- ಮಗುವನ್ನು ಕರೆದೊಯ್ಯಲು ಬರುವ ಇಬ್ಬರ ಹೆಸರು, ಫೋನ್ ಸಂಖ್ಯೆ

ಟಿಸಿ ತಡವಾಗಿದೆ ಅಂತ ಮಗುವನ್ನು ಮನೆಯಲ್ಲಿ ಕೂರಿಸಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ, ಟಿಸಿ ಬಂದಿಲ್ಲ ಎಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ, ತಡಮಾಡುವಂತೆಯೂ ಇಲ್ಲ. ಹಳೆಯ ಶಾಲೆಯ ಮುಖ್ಯ ಶಿಕ್ಷಕರೂ ಕೇಳಿದ ಕೂಡಲೇ ಟಿಸಿ ಕೊಡಬೇಕು. ಆದರೆ ಸ್ಯಾಟ್ಸ್ ಸಂಖ್ಯೆ ಇಲ್ಲದೆ ಮಗುವಿನ ಹೆಸರು ಹೊಸ ಶಾಲೆಯ ಲೆಕ್ಕಕ್ಕೆ ಪೂರ್ತಿ ಬರುವುದಿಲ್ಲ. ಸಮವಸ್ತ್ರ, ಪುಸ್ತಕ, ಶೂಗಳ ಬೇಡಿಕೆ ಹೋಗುವುದು ಈ ಲೆಕ್ಕದ ಮೇಲೆ. ಹಾಗಾಗಿ ಹಳೆಯ ಶಾಲೆಗೆ ಫೋನ್ ಮಾಡಿ ಆ ಸಂಖ್ಯೆಯನ್ನು ಮೊದಲು ತರಿಸಿಕೊಳ್ಳಿ. ಆಧಾರ್‌ನಲ್ಲಿ 'ಮಂಜುನಾಥ', ಟಿಸಿಯಲ್ಲಿ 'ಮಂಜುನಾಥ್ ಕೆ' ಅಂತಿದ್ದರೆ ಈಗಲೇ ಸರಿಪಡಿಸಿ. ಎಸ್ಸೆಸ್ಸೆಲ್ಸಿ ಹತ್ತಿರವಾದಾಗ ಅದೇ ಇನಿಷಿಯಲ್ಲಿಗಾಗಿ ಕಚೇರಿ ಕಚೇರಿ ಅಲೆಯಬೇಕಾಗುತ್ತದೆ.

ನಲಿ-ಕಲಿ ಕೋಣೆ ಕಂಡು ಗಾಬರಿಯಾಗಬೇಡಿ

ಹೊಸಬರ ದೂರುಗಳಲ್ಲಿ ಅರ್ಧಕ್ಕರ್ಧ ಇಲ್ಲೇ. 'ನಮ್ಮ ಮಗಳನ್ನು ಒಂದನೇ ಕ್ಲಾಸಿನವರ ಜೊತೆ ಕೂರಿಸಿದ್ದಾರೆ', 'ಪಾಠವೇ ಮಾಡುವುದಿಲ್ಲ, ನೆಲದ ಮೇಲೆ ಕಾರ್ಡು ಆಡಿಸುತ್ತಾರೆ', 'ಪರೀಕ್ಷೆಯ ಅಂಕ ಹೇಳುವುದಿಲ್ಲ'. ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದು, ಎರಡು, ಮೂರನೇ ತರಗತಿಗಳನ್ನು ಒಟ್ಟಿಗೆ ಕೂರಿಸಿ ಕಲಿಸುವ ಕ್ರಮ ನಲಿ-ಕಲಿ. 1995ರಲ್ಲಿ ಪಕ್ಕದ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿತು. ಮಕ್ಕಳ ಸಂಖ್ಯೆ ಕಡಿಮೆ ಇರುವ ನಮ್ಮ ಗುಡ್ಡದ ಶಾಲೆಗಳಿಗೆ ಇದು ಹೇಳಿ ಮಾಡಿಸಿದ ಹಾಗಿದೆ.

ಕೋಣೆಯಲ್ಲಿ ನಡೆಯುವುದು ಹೀಗೆ. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ. ಅದರ ಒಂದೊಂದು ಮೆಟ್ಟಿಲಿಗೂ ಒಂದೊಂದು ಕಾರ್ಡು, ಕಾರ್ಡಿನ ಮೇಲೊಂದು ಚಿತ್ರದ ಗುರುತು. ಮಗು ತಾನು ಎಲ್ಲಿದ್ದೇನೆಂದು ಏಣಿ ನೋಡಿ ತಿಳಿದು, ತನ್ನ ಕಾರ್ಡನ್ನು ತಾನೇ ಎತ್ತಿಕೊಂಡು, ಆ ಚಟುವಟಿಕೆಗೆ ಗೊತ್ತಾದ ತಟ್ಟೆಯ (ಗುಂಪಿನ ಗುರುತಿನ ಫಲಕ) ಗುಂಪಿಗೆ ಹೋಗಿ ಕೂರುತ್ತದೆ. ಟೀಚರ್ ಪೂರ್ಣ ಸಹಾಯ ಮಾಡುವ ಗುಂಪು, ಭಾಗಶಃ ಸಹಾಯದ ಗುಂಪು, ಗೆಳೆಯರ ನೆರವಿನಿಂದ ಕಲಿಯುವ ಗುಂಪುಗಳು, ತಾನೇ ಕಲಿಯುವ ಗುಂಪು, ಮೌಲ್ಯಮಾಪನದ ಗುಂಪು ಅಂತ ಬೇರೆ ಬೇರೆ ಇವೆ. ನೀವು ಕಿಟಕಿಯಲ್ಲಿ ಇಣುಕಿದಾಗ ಟೀಚರ್ ನಿಮ್ಮ ಮಗುವಿನ ಹತ್ತಿರ ಇಲ್ಲವೆಂದರೆ, ಆ ಹೊತ್ತಿಗೆ ಅದು ಗೆಳೆಯರ ನೆರವಿನ ಅಥವಾ ಸ್ವಕಲಿಕೆಯ ತಟ್ಟೆಯಲ್ಲಿದೆ ಎಂದರ್ಥ. ಗೋಡೆಯ ಕೆಳಗಿನ ಕಪ್ಪುಹಲಗೆ ಮಕ್ಕಳದು, ಮೇಲೆ ದಾರಕ್ಕೆ ತೂಗುಬಿಟ್ಟ ಚಪ್ಪರದಲ್ಲಿರುವುದು ಅವರದೇ ಕೆಲಸ. ಹವಾಮಾನ ನಕ್ಷೆಯನ್ನೂ ಅವರೇ ತುಂಬುತ್ತಾರೆ. ಜುಲೈ ತಿಂಗಳ ನಕ್ಷೆಯಲ್ಲಿ ಕೊಡೆ ಬಿಟ್ಟರೆ ಬೇರೆ ಚಿತ್ರವೇ ಇರುವುದಿಲ್ಲ ಬಿಡಿ.

ಇದರಿಂದ ಆಗುವ ಎರಡು ಎಡವಟ್ಟು ನೆನಪಿಡಿ. ಒಂದು, ವಾರಗಟ್ಟಲೆ ರಜೆ ಹಾಕಿದ ಮಗು ಬಿಟ್ಟ ಮೆಟ್ಟಿಲಿಂದಲೇ ಮತ್ತೆ ಹತ್ತಬೇಕು, ಏಣಿಯ ನಡುವೆ ಹಾರಲು ಬರುವುದಿಲ್ಲ. ಇನ್ನೊಂದು, ಪಕ್ಕದ ಮನೆಯ ಮಗು ಮುಂದಿನ ಮೆಟ್ಟಿಲಲ್ಲಿದೆ ಅಂತ ನಿಮ್ಮ ಮಗುವಿಗೆ ಗದರಿದರೆ, ಅದು ಕಲಿಯದ ಕಾರ್ಡನ್ನೂ 'ಆಯ್ತು' ಅಂತ ಹೇಳಲು ಕಲಿಯುತ್ತದೆ. ಪ್ರಗತಿ ನೋಟದ ಪಟ್ಟಿ ಇರುವುದು ಟೀಚರಿಗೆ, ಹೋಲಿಕೆಗೆ ಅಲ್ಲ.

ಅಕ್ಷರದ ಕ್ರಮವೂ ನಮಗೆಲ್ಲ ಗೊತ್ತಿರುವ ಅ-ಆ-ಇ-ಈ ಅಲ್ಲ. ರ, ಗ, ಸ, ದ, ಅ ಎಂದು ಶುರುವಾಗುತ್ತದೆ. ಈ ಐದೇ ಅಕ್ಷರದಲ್ಲಿ ಸರ, ರಸ, ದರ, ಅರಸ, ಗರಗಸ ಎಂದು ಓದಬಹುದು, ಬರೆಯಬಹುದು. ಅ-ಆ-ಇ-ಈ ಇಡೀ ಸಾಲು ಕಲಿತರೂ ಹಾಗೆ ಪದಗಳು ಹುಟ್ಟುವುದಿಲ್ಲ. ವರ್ಣಮಾಲೆಯನ್ನು ಗಟ್ಟಿಯಾಗಿ ಒಪ್ಪಿಸಲು ಬರುವುದಿಲ್ಲವೆಂದು ಅಜ್ಜ-ಅಜ್ಜಿ ತಲೆ ಮೇಲೆ ಕೈಹೊತ್ತರೆ ಅವರಿಗೂ ಇದನ್ನು ಹೇಳಿ. ಎರಡನೇ ತರಗತಿಯ ನಿಜವಾದ ಕೆಲಸ ಕಾಗುಣಿತ ಮತ್ತು ಒತ್ತಕ್ಷರ. ಇಲ್ಲಿ ಸಡಿಲವಾದರೆ ನಾಲ್ಕನೇ ತರಗತಿಯಲ್ಲಿ ಪರಿಸರ ಅಧ್ಯಯನದ ಪುಸ್ತಕವನ್ನೇ ಓದಲಾಗುವುದಿಲ್ಲ.

ವರ್ಷದ ಕೊನೆಗೆ ಎಷ್ಟು ಬರಬೇಕು? ಚಿಕ್ಕ ತರಗತಿಗಳ ಓದು-ಲೆಕ್ಕ ಗಟ್ಟಿ ಮಾಡಲು ಕೇಂದ್ರ ಸರ್ಕಾರ 2021ರಲ್ಲಿ ಶುರು ಮಾಡಿದ ನಿಪುಣ್ ಭಾರತ್ ಯೋಜನೆಯ ಗುರಿಯ ಪ್ರಕಾರ ಎರಡನೇ ತರಗತಿ ಮುಗಿಸುವ ಮಗು ಅರ್ಥ ತಿಳಿದು ನಿಮಿಷಕ್ಕೆ 45ರಿಂದ 60 ಪದ ಓದಬೇಕು, 999ರವರೆಗಿನ ಸಂಖ್ಯೆ ಓದಿ ಬರೆಯಬೇಕು, 99ರವರೆಗೆ ಕಳೆಯಬೇಕು. ದಿನಾ ಗಡಿಯಾರ ಹಿಡಿದು ಓದಿಸಬೇಡಿ. ಎರಡು ತಿಂಗಳಿಗೊಮ್ಮೆ ನೋಡಿದರೆ ಸಾಕು.

ಕಳೆಯುವ ಲೆಕ್ಕದಲ್ಲಿ ಮನೆಗೂ ಶಾಲೆಗೂ ಜಗಳ ಬರುತ್ತದೆ. 52ರಲ್ಲಿ 27 ಕಳೆ ಅಂದರೆ ಬಹಳ ಮಕ್ಕಳು 35 ಬರೆಯುತ್ತಾರೆ. 2ರಲ್ಲಿ 7 ಹೋಗುವುದಿಲ್ಲವಲ್ಲ, ಅದಕ್ಕೆ 7ರಲ್ಲಿ 2 ಕಳೆದು 5 ಅಂತ ಹಾಕುತ್ತಾರೆ. ನಾವು ಮನೆಯಲ್ಲಿ 'ಪಕ್ಕದಿಂದ ಸಾಲ ತಗೋ' ಅನ್ನುತ್ತೇವೆ. ಶಾಲೆಯಲ್ಲಿ ಹತ್ತು ಕಡ್ಡಿಯ ಕಟ್ಟು ಬಿಚ್ಚಿಸುತ್ತಾರೆ: ಐದು ಕಟ್ಟಿನಲ್ಲಿ ಒಂದನ್ನು ಬಿಚ್ಚಿದರೆ ಬಿಡಿ ಕಡ್ಡಿ 12, ಅದರಲ್ಲಿ 7 ಹೋದರೆ 5. ಉಳಿದ ನಾಲ್ಕು ಕಟ್ಟಿನಲ್ಲಿ ಎರಡು ಹೋದರೆ ಎರಡು, ಒಟ್ಟು 25. ತೆಂಗಿನ ಗರಿಯ ಕಡ್ಡಿ ನೂರು ಕತ್ತರಿಸಿ, ಹತ್ತರ ಕಟ್ಟು ಕಟ್ಟಿ ರಬ್ಬರ್ ಬ್ಯಾಂಡ್ ಹಾಕಿಡಿ. ಸಾಲದ ಮಾತು ಮೂರನೇ ತರಗತಿಗೆ ಇಟ್ಟುಕೊಳ್ಳಿ.

ಹೋಂವರ್ಕ್ ಇಲ್ಲ ಅಂತ ದೂರಬೇಡಿ. 2019ರ ರಾಜ್ಯ ಆದೇಶದಂತೆ ಒಂದು-ಎರಡನೇ ತರಗತಿಗೆ ಮನೆಪಾಠ ಕೊಡುವಂತಿಲ್ಲ. ಅಂಗಡಿಯಿಂದ ಕಾಪಿ ಪುಸ್ತಕ ತಂದು ಹತ್ತು ಸಲ ತಿದ್ದಿಸುವುದೂ ಬೇಡ, ಟ್ಯೂಷನ್ನೂ ಬೇಡ. ದಿನಕ್ಕೆ 15 ನಿಮಿಷ ಜೊತೆಯಲ್ಲಿ ಕೂತು ಜೋರಾಗಿ ಓದಿಸಿ, ಬೆಳಕಿರುವಾಗಲೇ. ಮಳೆಗಾಲದ ಸಂಜೆ ಕರೆಂಟನ್ನು ನಂಬುವ ಹಾಗಿಲ್ಲ.

ಚೀಲದಲ್ಲಿ

- ಅದೇ ಆದೇಶದಂತೆ ಚೀಲದ ಭಾರ ಒಂದೂವರೆಯಿಂದ ಎರಡು ಕೆ.ಜಿ., ಅದಕ್ಕಿಂತ ಹೆಚ್ಚಲ್ಲ
- ತಿಂಗಳ ಮೂರನೇ ಶನಿವಾರ ಚೀಲವೇ ಬೇಡ, ಅಂದು ಸಂಭ್ರಮ ಶನಿವಾರ
- ಎರಡು ಪೆನ್ಸಿಲ್ (ಪೆನ್ನು ಬೇಡ), ರಬ್ಬರ್, ಮೆಂಡರ್
- ನೂರು ಪುಟದ ಪುಸ್ತಕಗಳು: ಕನ್ನಡಕ್ಕೆ ಗೆರೆಯದು, ಲೆಕ್ಕಕ್ಕೆ ಚೌಕದ್ದು, ಇಂಗ್ಲಿಷಿಗೆ ನಾಲ್ಕು ಗೆರೆಯದು
- ಕಾಯಿಸಿ ಆರಿಸಿದ ನೀರು
- ಚಿನ್ನದ ಓಲೆ, ಸರ, ಗೆಜ್ಜೆ, ಮೊಬೈಲ್: ಮನೆಯಲ್ಲೇ ಇರಲಿ
- ಎಲ್ಲದರ ಮೇಲೂ ಹೆಸರು, ಕೊಡೆಯ ಹಿಡಿಯ ಮೇಲೂ

ಮಳೆ

ಇದನ್ನು ಬಯಲುಸೀಮೆಯಿಂದ ಬಂದವರು ಸ್ವಲ್ಪ ನಿಧಾನವಾಗಿ ಓದಿ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಾಲೆಯನ್ನು ನಡೆಸುವುದೂ ಮಳೆಯೇ, ನಿಲ್ಲಿಸುವುದೂ ಮಳೆಯೇ. ಭಾರಿ ಮಳೆ ಇದ್ದರೆ ರಜೆ ಘೋಷಿಸುವವರು ಜಿಲ್ಲಾಧಿಕಾರಿ. ಘೋಷಣೆ ರಾತ್ರಿ ಬರಬಹುದು, ಬೆಳಿಗ್ಗೆ ಮಗುವಿನ ತಲೆ ಬಾಚುವಾಗಲೂ ಬರಬಹುದು. ಕೆಲವೊಮ್ಮೆ ಇಡೀ ಜಿಲ್ಲೆಗೆ, ಕೆಲವೊಮ್ಮೆ ಕೆಲವೇ ತಾಲ್ಲೂಕಿಗೆ. ಕುಶಾಲನಗರದಲ್ಲಿ ಹನಿ ಇಲ್ಲದಿರುವಾಗಲೇ ಭಾಗಮಂಡಲದಲ್ಲಿ ತ್ರಿವೇಣಿ ಸಂಗಮ ಮುಳುಗಿರುತ್ತದೆ, ಹಾಗಾಗಿ ನಿಮ್ಮ ಮನೆಯ ಮುಂದಿನ ಆಕಾಶ ನೋಡಿ ತೀರ್ಮಾನಿಸಬೇಡಿ. ಕಳೆದ ವರ್ಷದ ಆದೇಶದ ಫೋಟೊ ಈ ವರ್ಷವೂ ವಾಟ್ಸಾಪಿನಲ್ಲಿ ಓಡಾಡುತ್ತದೆ. ದಿನಾಂಕ ನೋಡಿ, ಶಾಲೆಯ ಗುಂಪಿನಲ್ಲಿ ಟೀಚರ್ ಹಾಕಿದ್ದನ್ನು ಮಾತ್ರ ನಂಬಿ, ಪರಿಶೀಲಿಸದೆ ಮುಂದೆ ತಳ್ಳಬೇಡಿ.

ರಜೆ ಘೋಷಣೆಯಾಗದಿದ್ದರೂ, ನಿಮ್ಮ ದಾರಿಯ ಹೊಳೆ ತುಂಬಿದ್ದರೆ ಅಥವಾ ಬರೆ (ದಾರಿಬದಿಯ ಕಡಿದಾದ ಮಣ್ಣಿನ ದಿಬ್ಬ) ಜರಿಯುವಂತಿದ್ದರೆ ಕಳಿಸಬೇಡಿ, ಟೀಚರಿಗೆ ತಿಳಿಸಿ. 2018ರ ಆಗಸ್ಟ್ ತಿಂಗಳ ಭೂಕುಸಿತ ಕಂಡ ಊರಿದು, ಇದಕ್ಕೆ ಯಾರೂ ಆಕ್ಷೇಪ ಎತ್ತುವುದಿಲ್ಲ. ಮಳೆ ರಜೆ ಪುಕ್ಕಟೆಯಲ್ಲ ಎನ್ನುವುದೂ ಗೊತ್ತಿರಲಿ. ಕಳೆದ ದಿನಗಳನ್ನು ಶನಿವಾರ ಮಧ್ಯಾಹ್ನ, ಕೆಲವೊಮ್ಮೆ ರಜಾದಿನಗಳಲ್ಲಿ ತುಂಬಿಸುತ್ತಾರೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಐದನೇ ತರಗತಿವರೆಗೆ ವರ್ಷಕ್ಕೆ 200 ದಿನ, 800 ಗಂಟೆ ಪಾಠ ನಡೆಯಲೇಬೇಕು. 'ಶನಿವಾರ ಮಧ್ಯಾಹ್ನ ಯಾವ ಶಾಲೆ?' ಅಂತ ಊರಿಗೆ ಬಸ್ಸು ಹತ್ತಿಸುವವರು ಜಾಸ್ತಿ. ಆಮೇಲೆ ಮಗು ಹಿಂದೆ ಬಿತ್ತು ಅಂತ ಬರುವವರೂ ಅವರೇ.

ತಯಾರಿ ಹೀಗಿರಲಿ. ಶಾಲೆ ಕೊಡುವುದರ ಜೊತೆ ಇನ್ನೊಂದು ಜೊತೆ ಸಮವಸ್ತ್ರ ಹೊಲಿಸಿ, ಜುಲೈಯಲ್ಲಿ ಒಗೆದ ಚಡ್ಡಿ ಮೂರು ದಿನವಾದರೂ ಒಣಗುವುದಿಲ್ಲ. ಒಲೆಯ ಹತ್ತಿರ ಒಣಗಿಸಿದರೆ ಹೊಗೆ ವಾಸನೆ ಬರುತ್ತದೆ, ಬರಲಿ, ತರಗತಿಯಲ್ಲಿ ಎಲ್ಲರದ್ದೂ ಅದೇ ವಾಸನೆ. ಪುಸ್ತಕವನ್ನು ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಆಮೇಲೆ ಚೀಲದೊಳಗಿಡಿ. ಚೀಲದ ಮೇಲಿನ ಹೊದಿಕೆ ಗಾಳಿ ಮಳೆಗೆ ಸಾಲದು. ಗಾಳಿಗೆ ಕೊಡೆ ಮಡಚಿಕೊಳ್ಳುತ್ತದೆ, ಚಿಕ್ಕವರಿಗೆ ಚೀಲದ ಸಮೇತ ಮುಚ್ಚುವ ರೈನ್‌ಕೋಟೇ ವಾಸಿ. ಸರ್ಕಾರ ಕೊಡುವ ಕಪ್ಪು ಶೂ ಒಂದೇ ಜೊತೆ, ಮಳೆಗಾಲದಲ್ಲಿ ಹಾಕಿಸಿದರೆ ಬೂಷ್ಟು ಹಿಡಿದು ಆಗಸ್ಟಿಗೇ ಬಾಯಿಬಿಡುತ್ತದೆ. ಮಳೆ ನಿಲ್ಲುವವರೆಗೆ ಚಪ್ಪಲಿ ಹಾಕಿಸಬಹುದೇ ಎಂದು ಟೀಚರ್ ಹತ್ತಿರ ಕೇಳಿಕೊಳ್ಳಿ. ಇನ್ನೊಂದು ಜೊತೆ ಒಣ ಒಳಚಡ್ಡಿ ಮತ್ತು ಸಣ್ಣ ಟವೆಲ್ ಚೀಲದಲ್ಲಿರಲಿ.

ಜಿಗಣೆ ಕಚ್ಚಿದರೆ ಹೆದರಿಸಬೇಡಿ. ಅದರ ಎಂಜಲಿಗೆ ರಕ್ತ ಹೆಪ್ಪುಗಟ್ಟದಂತೆ ಮಾಡುವ ಗುಣವಿದೆ, ಅದಕ್ಕೇ ಸಣ್ಣ ಗಾಯವೂ ಬಹಳ ಹೊತ್ತು ಸೋರುತ್ತದೆ. ಸೋಪು ನೀರಿನಲ್ಲಿ ತೊಳೆದು ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದರೆ ನಿಲ್ಲುತ್ತದೆ.

ಹಾಜರಿ, ಆನೆ, ಕಾಫಿ ಕೊಯ್ಲು

ಕಾರಣ ಹೇಳದೆ ವಾರಗಟ್ಟಲೆ ಬಾರದಿದ್ದರೆ ಶಾಲೆಯವರು ಮನೆ ಹುಡುಕಿಕೊಂಡು ಬರುತ್ತಾರೆ, ಅದು ಅವರ ಕರ್ತವ್ಯ. ಒಂದು ದಿನದ ಗೈರಿಗೂ ಫೋನ್ ಮಾಡಿ. ಕಾಫಿ ಕೊಯ್ಲಿನ ಕಾಲದಲ್ಲಿ, ಅಂದರೆ ಡಿಸೆಂಬರ್‌ನಿಂದ ಫೆಬ್ರವರಿ ಸುಮಾರಿಗೆ, ಲೈನ್ ಮನೆಗಳ (ತೋಟದ ಕಾರ್ಮಿಕರ ಸಾಲು ಮನೆಗಳು) ದೊಡ್ಡ ಮಕ್ಕಳನ್ನು ತಮ್ಮ-ತಂಗಿಯರನ್ನು ನೋಡಿಕೊಳ್ಳಲು ಬಿಡುತ್ತಾರೆ. ಎರಡನೇ ತರಗತಿಯ ಮಗು ಇನ್ನೊಂದು ಮಗುವನ್ನು ನೋಡಿಕೊಳ್ಳುವ ವಯಸ್ಸಿನದಲ್ಲ. ಚಿಕ್ಕದನ್ನು ಅಂಗನವಾಡಿಗೆ ಬಿಡಿ, ತೋಟದ ಮಾಲೀಕರ ಹತ್ತಿರವೂ ಈ ಮಾತು ಆಡಿ, ಬಹಳ ಮಂದಿ ಒಪ್ಪುತ್ತಾರೆ.

ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆಯವರು ಮಬ್ಬುಗತ್ತಲಲ್ಲಿ ಮಗುವನ್ನು ಒಂಟಿಯಾಗಿ ತೋಟದ ದಾರಿಗೆ ಬಿಡಬೇಡಿ. ಆನೆ ಇದೆ ಎಂಬ ಸುದ್ದಿ ಬಂದ ದಿನ ತಡವಾದರೆ ಟೀಚರಿಗೆ ಹೇಳಿ, ಅರ್ಥವಾಗುತ್ತದೆ.

ನಿಮ್ಮ ಹಿಂದಿನ ಊರಿನ ಕ್ಯಾಲೆಂಡರಿನಲ್ಲಿ ಕಾಣದ ರಜೆಗಳೂ ಇಲ್ಲಿವೆ. ಸೆಪ್ಟೆಂಬರ್ ಆರಂಭದ ಕೈಲ್‌ಪೊಳ್ದ್ (ಆಯುಧ ಪೂಜೆಯ ಹಬ್ಬ), ಅಕ್ಟೋಬರ್‌ನ ತುಲಾ ಸಂಕ್ರಮಣ, ನವೆಂಬರ್-ಡಿಸೆಂಬರ್‌ನ ಪುತ್ತರಿ (ಸುಗ್ಗಿ ಹಬ್ಬ) ಕೊಡಗು ಜಿಲ್ಲೆಗೆ ಸ್ಥಳೀಯ ರಜೆ. ಮುಚ್ಚಿದ ಗೇಟಿನ ಮುಂದೆ ಮಗುವನ್ನು ಇಳಿಸಿ ಹೋಗಬೇಡಿ.

ಊಟ

ಬಿಸಿಯೂಟ ಎಲ್ಲರಿಗೂ, ಜೊತೆಗೆ ಕ್ಷೀರಭಾಗ್ಯದ ಹಾಲು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಯಾವುದು ಬೇಕೆಂದು ಮೊದಲೇ ಬರೆದುಕೊಡಿ, ಮಗು ಅಲ್ಲಿ ನಿಂತು ತೀರ್ಮಾನಿಸುವಂತೆ ಮಾಡಬೇಡಿ. ಅಲರ್ಜಿ ಇದ್ದರೆ ಬರಹದಲ್ಲಿ ಕೊಡಿ. 'ಇವರ ಜೊತೆ ಕೂರಿಸಬೇಡಿ, ಅವರ ಕೈಯಡುಗೆ ಬೇಡ' ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಅಂಥದ್ದನ್ನು ಬಿಟ್ಟೇ ಬನ್ನಿ. ಹುಟ್ಟುಹಬ್ಬಕ್ಕೆ ಕೇಕು ತರಬೇಡಿ. ಕೊಡಲೇಬೇಕೆಂದರೆ ಶಾಲೆಯ ಓದುಮೂಲೆಗೆ ಒಂದು ಕಥೆಪುಸ್ತಕ ಕೊಡಿ.

ಜಂತುಹುಳು ಮಾತ್ರೆ ಮತ್ತು ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ಶಾಲೆಯಲ್ಲೇ ಕೊಡುತ್ತಾರೆ. ಜ್ವರವಿದ್ದರೆ ಅಂದು ಬೇಡವೆಂದು ಹೇಳಿ. ಹೇನಿದ್ದರೆ ಮುಚ್ಚಿಡಬೇಡಿ.

ಮಾತು, ಭಾಷೆ

ಒಂದೇ ಕೋಣೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಯರವರ ಮಾತು ಎಲ್ಲ ಕೇಳಿಸುತ್ತದೆ. ನಿಮ್ಮ ಮಗು ಆರು ತಿಂಗಳಲ್ಲಿ ಎರಡನ್ನಾದರೂ ಎತ್ತಿಕೊಂಡು ಬರುತ್ತದೆ. ನಗಬೇಡಿ, ತಡೆಯಬೇಡಿ. ಕನ್ನಡ ಕೆಡುತ್ತದೆ ಎಂಬ ಭಯವೂ ಬೇಡ, ಅಷ್ಟು ಭಾಷೆಯ ಮಕ್ಕಳನ್ನು ಇಲ್ಲಿ ಬೆಸೆದಿರುವುದೇ ಕನ್ನಡ. ಇದು ನಮ್ಮ ಜಿಲ್ಲೆಯ ಹೆಮ್ಮೆ.

ಖಾಸಗಿ ಶಾಲೆಯವರು: ಡೈರಿಗೆ ದಿನಾ ಸಹಿ ಹಾಕಿ, ವ್ಯಾನಿನ ಚಾಲಕರ ಫೋನ್ ಸಂಖ್ಯೆ ಇಟ್ಟುಕೊಳ್ಳಿ, ಶುಲ್ಕಕ್ಕೆ ರಸೀದಿ ಕೇಳಿ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯಂತೆ ಯಾವ ಪಠ್ಯಕ್ರಮದ ಶಾಲೆಯಾದರೂ ಕನ್ನಡ ಕಲಿಸಬೇಕು. ಕನ್ನಡದವರೇ ಹೋಗಿ 'ನಮ್ಮ ಮಗುವಿಗೆ ಕನ್ನಡ ಬಿಡಿ, ಹಿಂದಿ ಹಾಕಿ' ಅಂತ ಕೇಳುವುದನ್ನು ಕಂಡರೆ ಸಂಘದವರಿಗೆ ಸಿಟ್ಟು ಬರುತ್ತದೆ.

ಟೀಚರ್ ಹತ್ತಿರ

ಪಾಠದ ನಡುವೆ ಬಾಗಿಲಲ್ಲಿ ನಿಂತು ಕರೆಯಬೇಡಿ. ಒಬ್ಬರೇ ಮೂರು ತರಗತಿ ನಡೆಸುತ್ತಿರುತ್ತಾರೆ. ಶಾಲೆ ಬಿಟ್ಟ ಮೇಲೆ ಹೋಗಿ. 'ಮಗು ಹೇಗಿದೆ?' ಎಂದು ಕೇಳಿದರೆ 'ಪರವಾಗಿಲ್ಲ' ಎಂಬ ಉತ್ತರ ಬರುತ್ತದೆ. ಕೇಳಬೇಕಾದದ್ದು: ಯಾವ ಮೆಟ್ಟಿಲಲ್ಲಿದೆ, ಯಾವ ಒತ್ತಕ್ಷರ ತಪ್ಪುತ್ತದೆ, ಯಾರ ಜೊತೆ ಕೂರುತ್ತದೆ.

'ನಾಲ್ಕು ಬಾರಿಸಿ ಟೀಚರ್, ನಾವೇನೂ ಅನ್ನುವುದಿಲ್ಲ' ಎಂದು ಹೇಳುವುದನ್ನು ನಿಲ್ಲಿಸಿ. ಹೊಡೆಯುವುದು, ಹೀಯಾಳಿಸುವುದು ಎರಡೂ ಕಾನೂನಿನಲ್ಲಿ ನಿಷಿದ್ಧ, ನೀವು ಅನುಮತಿ ಕೊಟ್ಟರೂ. ಹಾಗೇನಾದರೂ ಆದರೆ ಮೊದಲು ಮುಖ್ಯ ಶಿಕ್ಷಕರು, ಆಮೇಲೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ), ಆಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ. ಮಗು ಅಪಾಯದಲ್ಲಿದ್ದರೆ ನೇರವಾಗಿ ಮಕ್ಕಳ ಸಹಾಯವಾಣಿ 1098. ಎಸ್‌ಡಿಎಂಸಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಆಗಿರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಹೊಸಬರೆಂದು ಸಭೆಯಲ್ಲಿ ಹಿಂದೆ ನಿಲ್ಲಬೇಡಿ. ಶಾಲೆಯ ವಾಟ್ಸಾಪ್ ಗುಂಪಿಗೆ ಶುಭೋದಯದ ಹೂವು ಕಳಿಸಬೇಡಿ, ಬೇರೆಯವರ ಮಕ್ಕಳ ಫೋಟೊ ಹೊರಗೆ ಹಾಕಬೇಡಿ.

ಮತ್ತೆ ವರ್ಗವಾದರೆ

ಹೊರಡುವ ಹದಿನೈದು ದಿನ ಮುಂಚೆ ಅರ್ಜಿ ಕೊಡಿ. ಟಿಸಿಯಲ್ಲಿ ಹೆಸರು, ಹುಟ್ಟಿದ ದಿನ, ಸ್ಯಾಟ್ಸ್ ಸಂಖ್ಯೆ ಮೂರನ್ನೂ ಅಲ್ಲೇ ನಿಂತು ಓದಿ. ಮಗು ಯಾವ ಮೆಟ್ಟಿಲಲ್ಲಿದೆ ಎಂದು ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ, ಹೊಸ ಟೀಚರಿಗೆ ಅದು ಟಿಸಿಗಿಂತ ಹೆಚ್ಚು ಉಪಯೋಗ. ಓದುಮೂಲೆಯ ಪುಸ್ತಕ ಮನೆಯಲ್ಲಿದ್ದರೆ ವಾಪಸ್ ಕೊಟ್ಟು ಹೋಗಿ.