ಕ್ವಿನೋವಾ ನನಗೆ ಒಗ್ಗಿದ ಕಥೆ

ಕ್ವಿನೋವಾ ಎಂಬ ಸಣ್ಣ ಕಾಳನ್ನು ಮೊದಲ ಸಲ ಅನ್ನದ ಹಾಗೆ ಬೇಯಿಸಿದ ದಿನ ಮನೆಯಲ್ಲಿ ಯಾರೂ ಎರಡನೇ ತುತ್ತು ಬಾಯಿಗಿಡಲಿಲ್ಲ. ‘ಅಮ್ಮಾ, ಸೋಪಿನ ನೀರಲ್ಲಿ ಬೇಯಿಸಿದ್ಯಾ?’ ಎಂದು ಮಗಳು ಕೇಳಿದಳು. ಅವಳು ತಮಾಷೆಗೆ ಕೇಳಿದರೂ ವಿಷಯ ಹೆಚ್ಚುಕಡಿಮೆ ಅದೇ ಆಗಿತ್ತು. ಈ ಕಾಳಿನ ಹೊರಪದರದಲ್ಲಿ ಸ್ಯಾಪೋನಿನ್ ಎಂಬ ಕಹಿ ಅಂಶ ಇರುತ್ತದೆ. ನೀರಲ್ಲಿ ಕಲಕಿದರೆ ಥೇಟ್ ಸೋಪಿನ ಹಾಗೇ ನೊರೆ ಬರುತ್ತದೆ. ಹೊಲದಲ್ಲಿ ಹಕ್ಕಿಗಳು ಬಾಯಿ ಹಾಕದಿರಲು ಗಿಡಕ್ಕಿರುವ ರಕ್ಷಣೆ ಅದು. ಅವತ್ತು ನಮ್ಮನ್ನೂ ದೂರ ಇಟ್ಟಿತು. ಪೊಟ್ಟಣದ ಮೇಲೆ ‘ತೊಳೆದಿದೆ’ ಎಂದು ಬರೆದಿದ್ದನ್ನು ನಂಬಿ ಹಾಗೇ ಪಾತ್ರೆಗೆ ಸುರಿದಿದ್ದೆ.

ಎರಡನೇ ಸಲ ತರಕಾರಿ ತೊಳೆಯುವ ತೂತಿನ ಬುಟ್ಟಿಗೆ ಹಾಕಿ ನಲ್ಲಿಯ ಕೆಳಗೆ ಹಿಡಿದೆ. ಕಾಳು ಅಗಲದಲ್ಲಿ 2 ಮಿಲಿಮೀಟರ್ ಇದ್ದರೆ ಹೆಚ್ಚು. ಅರ್ಧಕ್ಕರ್ಧ ತೂತಿನಿಂದ ಜಾರಿ ಸಿಂಕಿಗೆ ಹೋಯಿತು. ಈಗ ಅಗಲವಾದ ಪಾತ್ರೆಯಲ್ಲಿ ನೀರು ಹಾಕಿ, ಕಾಳನ್ನು ಎರಡೂ ಅಂಗೈ ನಡುವೆ ಮೆಲ್ಲಗೆ ಉಜ್ಜಿ, ನೊರೆಯ ನೀರು ಚೆಲ್ಲುತ್ತೇನೆ. ಮೂರು ಸಲ, ಕೆಲವೊಮ್ಮೆ ನಾಲ್ಕು. ಕೊನೆಗೆ ಟೀ ಸೋಸುವಂಥ ಸಣ್ಣ ಕಣ್ಣಿನ ಜಾಲರಿಯಲ್ಲಿ ಬಸಿಯುತ್ತೇನೆ. ಸಾಕೋ ಬೇಕೋ ಅನುಮಾನ ಬಂದರೆ ಒಂದು ಹಸಿ ಕಾಳನ್ನು ಕಚ್ಚಿ ನೋಡುತ್ತೇನೆ. ನಾಲಿಗೆಯ ಹಿಂಭಾಗದಲ್ಲಿ ಕಹಿ ಉಳಿದರೆ ಇನ್ನೊಂದು ಸುತ್ತು.

ಕಹಿ ಹೋಯಿತು, ಆದರೆ ಅನ್ನಿಸಿದಷ್ಟು ಸುಲಭವಿರಲಿಲ್ಲ. ಮೂರನೇ ಸಲ ಮುದ್ದೆಯಾಯಿತು. ಒಂದು ಅಳತೆ ಕಾಳಿಗೆ ಎರಡು ಅಳತೆ ನೀರು ಎಂದು ಎಲ್ಲರೂ ಹೇಳುತ್ತಾರೆ. ತೊಳೆದ ಕಾಳು ಆಗಲೇ ಸಾಕಷ್ಟು ನೀರು ಹಿಡಿದುಕೊಂಡಿರುತ್ತದೆ ಎಂಬುದನ್ನು ಯಾರೂ ಹೇಳುವುದಿಲ್ಲ. ನನ್ನ ಪಾತ್ರೆಗೆ ಒಂದಕ್ಕೆ ಒಂದೂವರೆ, ಹೆಚ್ಚೆಂದರೆ ಒಂದೂಮುಕ್ಕಾಲು ನೀರು ಸಾಕು. ಬಸಿದ ಕಾಳನ್ನು ಒಂದು ಚಮಚ ಎಣ್ಣೆಯಲ್ಲಿ ನಾಲ್ಕೈದು ನಿಮಿಷ ಹುರಿಯುತ್ತೇನೆ. ಮೊದಲು ನೀರು ಆರುವ ಸಪ್ಪಳ, ಆಮೇಲೆ ಕಾಳು ಬಿಡಿಬಿಡಿಯಾಗಿ ಓಡಾಡಲು ಶುರುವಾಗಿ ಬಾದಾಮಿ ಹುರಿದಂಥ ವಾಸನೆ ಬರುತ್ತದೆ. ಆಗ ನೀರು, ಉಪ್ಪು. ಕುದಿ ಬಂದ ಕೂಡಲೇ ಉರಿ ಸಣ್ಣ ಮಾಡಿ ಮುಚ್ಚಿ 15 ನಿಮಿಷ. ಒಲೆ ಆರಿಸಿದ ಮೇಲೆ ಇನ್ನೂ 10 ನಿಮಿಷ ಮುಚ್ಚಳ ತೆಗೆಯುವಂತಿಲ್ಲ. ನನ್ನ ಮಟ್ಟಿಗೆ ಇಡೀ ಅಡುಗೆಯ ಗುಟ್ಟು ಆ ಹತ್ತು ನಿಮಿಷದಲ್ಲಿದೆ. ಒಳಗಿನ ಹಬೆ ತಳದ ತೇವವನ್ನು ಸಮವಾಗಿ ಹಂಚುತ್ತದೆ. ಆಮೇಲೆ ಫೋರ್ಕಿನಿಂದ ಬಿಡಿಸಿದರೆ ಉದುರುದುರಾಗಿ ಬರುತ್ತದೆ. ಒಂದು ಕಪ್ ಕಾಳಿಗೆ ಸುಮಾರು ಮೂರು ಕಪ್ ಆಗುತ್ತದೆ.

ಬೆಂದಿದೆಯೋ ಇಲ್ಲವೋ ಎಂದು ಗಡಿಯಾರಕ್ಕಿಂತ ಕಾಳೇ ಚೆನ್ನಾಗಿ ಹೇಳುತ್ತದೆ. ಚಮಚದಲ್ಲಿ ನಾಲ್ಕು ಕಾಳು ತೆಗೆದು ಬೆಳಕಿಗೆ ಹಿಡಿಯಿರಿ. ನಡುವಿನ ಬಿಳಿ ಚುಕ್ಕೆ ಮಾಯವಾಗಿ ಕಾಳು ಅರೆಪಾರದರ್ಶಕವಾಗಿರುತ್ತದೆ, ಸುತ್ತಲೂ ಒಂದು ಬಿಳಿ ಎಳೆ ಬಾಲದಂತೆ ಬಿಚ್ಚಿಕೊಂಡಿರುತ್ತದೆ. ಅದು ಮೊಳಕೆಯ ಭಾಗ, ಅಂದರೆ ಭ್ರೂಣ. ಮೊದಲ ಸಲ ನೋಡಿ ಹುಳ ಎಂದುಕೊಂಡು ಗಾಬರಿಯಾಗಿದ್ದೆ.

ಇಷ್ಟೆಲ್ಲ ಪಾಡು ಯಾಕೆಂದರೆ, ನನ್ನ ರಕ್ತದ ಸಕ್ಕರೆ ಗಡಿಯಲ್ಲಿದೆ, ಅನ್ನ ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ್ದರು. ಕ್ವಿನೋವಾ ಅಂದರೆ ಎಷ್ಟು ಬೇಕಾದರೂ ತಿನ್ನಬಹುದು ಎಂದುಕೊಂಡು ತಟ್ಟೆ ತುಂಬಾ ತಿಂದೆ. ಎರಡು ಗಂಟೆ ಬಿಟ್ಟು ಮೀಟರಿನಲ್ಲಿ ನೋಡಿದರೆ ಅನ್ನ ತಿಂದ ದಿನಕ್ಕೂ ಅದಕ್ಕೂ ಹೇಳಿಕೊಳ್ಳುವ ವ್ಯತ್ಯಾಸವೇ ಇಲ್ಲ! ಕಾಳಿನ ಮೇಲೆ ಸಿಟ್ಟು ಬಂತು. ಲೆಕ್ಕ ಹಾಕಿದ ಮೇಲೆ ತಪ್ಪು ನನ್ನದೇ ಎಂದು ಗೊತ್ತಾಯಿತು. 100 ಗ್ರಾಂ ಹಸಿ ಕಾಳಿನಲ್ಲಿ 64 ಗ್ರಾಂ ಕಾರ್ಬೋಹೈಡ್ರೇಟ್ ಇದೆ. ಇದರ ಗ್ಲೈಸೆಮಿಕ್ ಸೂಚ್ಯಂಕ (ತಿಂದದ್ದು ರಕ್ತದ ಸಕ್ಕರೆಯನ್ನು ಎಷ್ಟು ಬೇಗ ಏರಿಸುತ್ತದೆ ಎಂಬ ಅಳತೆ) ಸುಮಾರು 53, ಬಿಳಿ ಅಕ್ಕಿಗಿಂತ ಸಾಮಾನ್ಯವಾಗಿ ಕಡಿಮೆ, ನಿಜ. ಹಾಗಂತ ಎರಡರಷ್ಟು ತಿಂದರೆ ಆ ಲಾಭ ಅಲ್ಲಿಗಲ್ಲಿಗೇ ಆಯಿತು. ಅಂದಿನಿಂದ ಊಟಕ್ಕೆ 50 ಗ್ರಾಂ ಹಸಿ ಕಾಳು ತೂಗಿ ಬೇಯಿಸುತ್ತೇನೆ, ಅದರ ಎರಡರಷ್ಟು ತರಕಾರಿ ಸೇರಿಸುತ್ತೇನೆ. ಮೀಟರಿನ ಅಂಕಿ ಇಳಿಯಿತು. ಇದು ನನ್ನೊಬ್ಬಳ ಮೀಟರಿನ ಮಾತು, ಇಳಿಸಿದ್ದರಲ್ಲಿ ತರಕಾರಿಯ ಪಾಲೆಷ್ಟೋ ಕಾಳಿನದೆಷ್ಟೋ.

ಪ್ರೋಟೀನಿನ ವಿಷಯದಲ್ಲೂ ಇಂಥದ್ದೇ ಗೊಂದಲ. ಪೊಟ್ಟಣದ ಮೇಲೆ 100 ಗ್ರಾಮಿಗೆ 14 ಗ್ರಾಂ ಪ್ರೋಟೀನ್ ಎಂದಿರುತ್ತದೆ. ಅದು ಹಸಿ ಕಾಳಿನ ಲೆಕ್ಕ. ಬೆಂದಾಗ ನೀರು ಸೇರಿ 100 ಗ್ರಾಮಿಗೆ 4.4 ಗ್ರಾಂ ಆಗುತ್ತದೆ. ನನ್ನ ತಟ್ಟೆಗೆ ಬರುವುದು ಏಳು ಗ್ರಾಂ ಅಷ್ಟೇ. ಕ್ವಿನೋವಾ ತಿಂದೆ, ಇನ್ನು ಬೇಳೆಕಾಳು ಬೇಡ ಎನ್ನುವಂತಿಲ್ಲ. ಇದರ ಹೆಚ್ಚುಗಾರಿಕೆ ಇರುವುದು ಗುಣದಲ್ಲಿ: ದೇಹ ತಾನೇ ತಯಾರಿಸಿಕೊಳ್ಳಲಾಗದ ಒಂಬತ್ತೂ ಅಮೈನೋ ಆಮ್ಲಗಳು, ಅಂದರೆ ಪ್ರೋಟೀನಿನ ಘಟಕಗಳು, ಇದರಲ್ಲಿವೆ. ಅಕ್ಕಿ, ಗೋಧಿಯಲ್ಲಿ ಕೊರತೆ ಬೀಳುವ ಲೈಸಿನ್ ಎಂಬ ಅಮೈನೋ ಆಮ್ಲ ಇದರಲ್ಲಿ ಚೆನ್ನಾಗಿದೆ. 100 ಗ್ರಾಂ ಹಸಿ ಕಾಳಿಗೆ ನಾರಿನಂಶ ಸುಮಾರು 7 ಗ್ರಾಂ, ಮೆಗ್ನೀಸಿಯಂ 200 ಮಿಲಿಗ್ರಾಂ ಹತ್ತಿರ, ಕಬ್ಬಿಣ 4.6 ಮಿಲಿಗ್ರಾಂ. ಕಬ್ಬಿಣ ಮೈಗೆ ಹತ್ತಲಿ ಎಂದು ನಾನು ನಿಂಬೆರಸ ಹಿಂಡುತ್ತೇನೆ. ರುಚಿಗೂ ಅದು ಬೇಕೇ ಬೇಕು. ನಾರು ರೂಢಿಯಿಲ್ಲದವರು ಮೊದಲ ವಾರ ಸ್ವಲ್ಪ ಸ್ವಲ್ಪವೇ ತಿನ್ನಿ. ಹೊಟ್ಟೆ ಉಬ್ಬರಿಸಿದ್ದು ನನಗಿನ್ನೂ ನೆನಪಿದೆ.

ನನ್ನ ತಂಗಿಗೆ ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಆಗುವುದಿಲ್ಲ. ಅವಳಿಗೆ ಇದು ನಿಜಕ್ಕೂ ವರವಾಯಿತು. ಕ್ವಿನೋವಾ ಗೋಧಿಯಂತೆ ಹುಲ್ಲಿನ ಜಾತಿಯದಲ್ಲ, ಪಾಲಕ್ ಮತ್ತು ಬೀಟ್‌ರೂಟಿನ ಬಳಗದ್ದು. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತದಲ್ಲಿ, ಪೆರು ಮತ್ತು ಬೊಲಿವಿಯಾದ ನಡುವಿನ ಟಿಟಿಕಾಕಾ ಸರೋವರದ ಸುತ್ತಮುತ್ತ ಸಾವಿರಾರು ವರ್ಷಗಳಿಂದ ಬೆಳೆಯುತ್ತಿದ್ದಾರೆ. ಹೊರಜಗತ್ತು ತಡವಾಗಿ ಕಣ್ಣುಬಿಟ್ಟಿತು. ವಿಶ್ವಸಂಸ್ಥೆ 2013ನ್ನು ಅಂತರರಾಷ್ಟ್ರೀಯ ಕ್ವಿನೋವಾ ವರ್ಷವಾಗಿ ಆಚರಿಸಿತು. ಕಾಳಿನಲ್ಲಿ ತಾನಾಗಿ ಗ್ಲುಟೆನ್ ಇಲ್ಲದಿದ್ದರೂ, ಗೋಧಿ ಬೀಸುವಲ್ಲೇ ಇದನ್ನೂ ಬೀಸಿದ್ದರೆ, ತುಂಬಿದ್ದರೆ, ಗ್ಲುಟೆನ್ ಸೇರಿಕೊಳ್ಳಬಹುದು. ಹಾಗಾಗಿ ತಂಗಿ ಚೀಟಿ ಓದದೆ ಕೊಳ್ಳುವುದಿಲ್ಲ. ಪಾಲಕ್‌ನ ಬಳಗ ಎಂದಮೇಲೆ, ಮೂತ್ರಪಿಂಡದ ಕಲ್ಲಿಗೆ ಕಾರಣವಾಗಬಹುದಾದ ಆಕ್ಸಲೇಟ್ ಎಂಬ ಅಂಶ ಕೂಡ ಇದೆ. ಮೂತ್ರಪಿಂಡದಲ್ಲಿ ಕಲ್ಲಾಗಿದ್ದವರು ದಿನವೂ ತಿನ್ನುವ ಮೊದಲು ಡಾಕ್ಟರನ್ನು ಕೇಳುವುದು ಒಳ್ಳೆಯದು.

ನಮ್ಮಲ್ಲಿ ಹೆಚ್ಚು ಖರ್ಚಾಗುವುದು ಸಲಾಡ್. ಬೆಂದದ್ದನ್ನು ತಟ್ಟೆಯಲ್ಲಿ ಹರಡಿ ಪೂರ್ತಿ ಆರಿಸಲೇಬೇಕು. ಬಿಸಿಯಿರುವಾಗಲೇ ಸೌತೆಕಾಯಿ, ಟೊಮ್ಯಾಟೊ ಬೆರೆಸಿದರೆ ನೀರು ಬಿಟ್ಟು ರಾಡಿಯಾಗುತ್ತದೆ. ಇದಕ್ಕೆ ಕೆಂಪು ಅಥವಾ ಕಪ್ಪು ಬಗೆಯೇ ಸರಿ, ಆಕಾರ ಕೆಡುವುದಿಲ್ಲ. ಬೇಯಲು ನಾಲ್ಕೈದು ನಿಮಿಷ ಹೆಚ್ಚು ಬೇಕು. ಕುದಿಯುವ ಸೂಪಿಗೆ ತೊಳೆದ ಹಸಿ ಕಾಳು ಒಂದು ಹಿಡಿ ಹಾಕಿದರೆ ಇಪ್ಪತ್ತು ನಿಮಿಷದಲ್ಲಿ ತಾನಾಗಿ ಮಂದವಾಗುತ್ತದೆ. ಬೆಳಿಗ್ಗೆಗೆ ಬಿಳಿಯದನ್ನು ಹಾಲಿನಲ್ಲಿ ಗಂಜಿಯ ಹಾಗೆ ಬೇಯಿಸಿ ಬಾಳೆಹಣ್ಣು ಹೆಚ್ಚಿ ಹಾಕುತ್ತೇನೆ. ಉಳಿದದ್ದು ಫ್ರಿಜ್ಜಿನಲ್ಲಿ ಮೂರು ದಿನ ಇರುತ್ತದೆ. ಬೇಯಿಸಿದ ಆಲೂಗಡ್ಡೆ ಜೊತೆ ಹಿಸುಕಿ, ತಟ್ಟಿ, ಬಾಣಲೆಯಲ್ಲಿ ಎರಡೂ ಬದಿ ಕೆಂಪಗೆ ಮಾಡಿಕೊಟ್ಟರೆ ಸೋಪು ಎಂದಿದ್ದ ಮಗಳೇ ಮೂರು ತಿನ್ನುತ್ತಾಳೆ.

ಹಿಟ್ಟಿನಲ್ಲಿ ಮಾತ್ರ ನಾನಿನ್ನೂ ಗೆದ್ದಿಲ್ಲ. ಪೂರ್ತಿ ಕ್ವಿನೋವಾ ಹಿಟ್ಟಿನ ಬ್ರೆಡ್ ಇಟ್ಟಿಗೆಯಂತೆ ಹೊರಬಂತು. ಉಬ್ಬನ್ನು ಹಿಡಿದಿಡಲು ಗ್ಲುಟೆನ್ ಇಲ್ಲವಲ್ಲ. ತಂಗಿಗೆ ಬೇಡವಾದ ದಿನ ಗೋಧಿ ಹಿಟ್ಟಿಗೆ ಕಾಲುಭಾಗ ಬೆರೆಸಿ ನೋಡುತ್ತಿದ್ದೇನೆ, ಪರವಾಗಿಲ್ಲ ಅನ್ನುವಷ್ಟು ಬರುತ್ತಿದೆ. ಹಿಟ್ಟನ್ನು ಸ್ವಲ್ಪವೇ ತಂದು ಫ್ರಿಜ್ಜಿನಲ್ಲಿಡಿ: ಕಾಳಿನಲ್ಲಿ ಎಣ್ಣೆಯಂಶ ಶೇಕಡಾ 6ರಷ್ಟಿದೆ, ಹೊರಗಿಟ್ಟರೆ ಬೇಗ ಕಮಟು ಹಿಡಿಯುತ್ತದೆ.